ಹಸಿ ಗಾರೆ

ಬೆಳಗಿನ ಕಹಳೆಗೆ ಇನ್ನೂ ಹೊತ್ತಿತ್ತು. ಸೈನ್ಯದ ಕಲ್ಲುಕುಟಿಗ ತಾಸ್ಕಸ್ ಕೋಟೆಯ ದಕ್ಷಿಣದ ಬಾಗಿಲಿನ ಕಮಾನಿಗೆ ಏಣಿ ಒರಗಿಸಿ, ಮೇಲೆ ಹತ್ತಿ, ಎರಡು ಕೆಂಪು ಕಲ್ಲುಗಳ ನಡುವಿನ ಗಾರೆಗೆ ಹೆಬ್ಬೆರಳ ಉಗುರನ್ನು ಒತ್ತಿ ನೋಡಿದ. ಮೇಲ್ಪದರ ಗಟ್ಟಿಯಾಗಿಯೇ ಇತ್ತು. ಇನ್ನಷ್ಟು ಒತ್ತಿದಾಗ, ಆರಿದ ಗಂಜಿಯ ಕೆನೆ ಒಡೆಯುವಂತೆ ಅದು ಒಡೆದು, ಉಗುರು ಬುಡದವರೆಗೆ ಒಳಗೆ ಹೋಯಿತು. ಒಳಗೆ ತಣ್ಣಗಿತ್ತು, ಮೆತ್ತಗಿತ್ತು. ಬೆರಳನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದವನು, ಯಾರೋ ನೋಡುತ್ತಿದ್ದಾರೆ ಅನ್ನಿಸಿ ಸರಕ್ಕನೆ ಹಿಂದಕ್ಕೆ ಎಳೆದುಕೊಂಡ. ಯಾರೂ ಇರಲಿಲ್ಲ. ಬಾಗಿಲಿನಾಚೆ ಕಡಿದ ಮರಗಳ ಮೋಟು ಬುಡಗಳ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು; ಅದರಾಚೆ ಕಾಡು. ಉಗುರು ಮಾಡಿದ ತೂತನ್ನು ಎಂಜಲು ಹಚ್ಚಿದ ಬೆರಳಿನಿಂದ ಸವರಿ ಮುಚ್ಚಿದ. ಮುಚ್ಚಿದ ಮೇಲೆ, ಯಾಕೆ ಮುಚ್ಚಿದೆ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿದ್ದುದರಿಂದ ಬೇಗ ಬೇಗ ಏಣಿ ಇಳಿದ.

ನಿನ್ನೆ ಸಂಜೆ ಶತಾಧಿಪತಿ ಸತ್ರಿಯಸ್ ಎಲ್ಲರೆದುರು ಅವನನ್ನು ಕೇಳಿದ್ದ. ದೇಶಾಧಿಪತಿಯ ಸವಾರಿ ನಾಳೆ ಮಧ್ಯಾಹ್ನ ಇದೇ ಬಾಗಿಲಿನಿಂದ ಒಳಗೆ ಬರುತ್ತದೆ, ಅಷ್ಟರೊಳಗೆ ಕಮಾನಿನ ಕೆಳಗೆ ಆಸರೆಗೆ ಕೊಟ್ಟ ಮರವನ್ನು ತೆಗೆಯಲು ಆಗುತ್ತದೋ ಇಲ್ಲವೋ ಎಂದು. ಕೇಳುವಾಗ ಸತ್ರಿಯಸ್ ಅವನ ಮುಖ ನೋಡುತ್ತಿರಲಿಲ್ಲ, ತನ್ನ ಅಧಿಕಾರದ ಗುರುತಾದ ದ್ರಾಕ್ಷಿಬಳ್ಳಿಯ ಕೋಲಿನ ತುದಿಗೆ ಮೆತ್ತಿದ ಮಣ್ಣನ್ನು ಕಲ್ಲಿಗೆ ತಿಕ್ಕುತ್ತಿದ್ದ. ಆಗುತ್ತದೆ ಅಂದಿದ್ದ ತಾಸ್ಕಸ್. ಆಗುವುದಿಲ್ಲ ಅನ್ನುವುದಕ್ಕೇ ಬಾಯಿ ತೆರೆದಿದ್ದು ನಿಜ. ಆದರೆ ಆ ಕೋಲು ಕಲ್ಲಿಗೆ ತಿಕ್ಕುವ ಸದ್ದು ಕೇಳುತ್ತ ಕೇಳುತ್ತ ಮಾತು ಬಾಯಲ್ಲೇ ತಿರುಗಿಬಿಟ್ಟಿತು. ಸತ್ರಿಯಸ್ ತಲೆಯೆತ್ತಿ, ಸಮುದ್ರ ದಾಟಿ ಬಂದ ನಿಮ್ಮವರಲ್ಲಿ ಒಬ್ಬನಾದರೂ ಹೇಳಿದ ಹೊತ್ತಿಗೆ ಕೆಲಸ ಮುಗಿಸುವವನು ಸಿಕ್ಕಿದನಲ್ಲ ಎಂದು ಹೇಳಿ ಹೋಗಿದ್ದ. ಆ ಹೊಗಳಿಕೆಯಿಂದ ತನ್ನ ಕಿವಿ ಬಿಸಿಯಾದದ್ದನ್ನು ನೆನೆದು ತಾಸ್ಕಸ್‌ನಿಗೆ ಈಗ ಅಸಹ್ಯವಾಯಿತು. ಮೂವತ್ತನಾಲ್ಕರ ವಯಸ್ಸಿನ ಗಂಡಸು, ಇನ್ನೊಬ್ಬನ ಬಾಯಿಂದ ಬಿದ್ದ ತುಣುಕಿಗೆ ಬಾಲ ಅಲ್ಲಾಡಿಸಿದ್ದ.

ಕಮಾನಿನ ನೆತ್ತಿಗೆ ಬೀಗದ ಕಲ್ಲು ಕೂರಿಸಿ ಒಂಬತ್ತು ದಿನವಾಗಿತ್ತು, ಅಷ್ಟೆ. ಎರಡು ದಿನ ಮಳೆ, ಆಮೇಲೆ ನಾಲ್ಕು ದಿನ ನೀರು ಕಲ್ಲಾಗುವಂಥ ಚಳಿ. ಕಲ್ಲುಗಳಾದರೂ ಒಂದರ ಕೆನ್ನೆಗೆ ಒಂದು ಸರಿಯಾಗಿ ಕೂತಿದ್ದರೆ ಗಾರೆಯ ಹಂಗೇ ಬೇಕಿರಲಿಲ್ಲ. ಕಮಾನು ತನ್ನ ಭಾರದಿಂದಲೇ ತನ್ನನ್ನು ಹಿಡಿದುಕೊಳ್ಳುತ್ತಿತ್ತು. ಆದರೆ ಸವಾರಿಯ ಸುದ್ದಿ ಬಂದ ಮೇಲೆ ನಯವಾಗಿ ಕೆತ್ತುವ ವ್ಯವಧಾನ ಯಾರಿಗಿತ್ತು? ಉಳಿಯ ಕೆಲಸದಲ್ಲಿ ಉಳಿಸಿದ್ದನ್ನೆಲ್ಲ ಗಾರೆಯ ಹೊಟ್ಟೆಗೆ ತುಂಬಿದ್ದರು. ಕೆಲವು ಕಡೆ ಸಂದು ಎರಡು ಬೆರಳು ಅಗಲವಿತ್ತು. ಈ ಇಡೀ ಬಾಗಿಲು ಈಗ ನಿಂತಿದ್ದದ್ದು ಕಲ್ಲಿನಿಂದಲ್ಲ, ಕೆಳಗೆ ಆಸರೆಯಾಗಿ ಕೊಟ್ಟಿದ್ದ ಮರದ ಬಿಲ್ಲಿನಿಂದ. ಆ ಬಿಲ್ಲು ನಿಂತಿದ್ದದ್ದು ಎರಡು ಕಂಬಗಳ ಮೇಲೆ. ಕಂಬಗಳ ಬುಡದಲ್ಲಿ ಜೋಡಿ ಜೋಡಿ ಬೆಣೆಗಳು. ಎಡಕ್ಕೆರಡು, ಬಲಕ್ಕೆರಡು. ಅವನ್ನು ಬಡಿದು ಕಳಚಿದರೆ ಬಿಲ್ಲು ಒಂದು ಗೇಣು ಇಳಿಯುತ್ತದೆ, ಕಮಾನು ಮೊದಲ ಸಲ ಒಂಟಿಯಾಗಿ ನಿಲ್ಲುತ್ತದೆ. ಬಡಿಯುವವನು ಅದರ ಕೆಳಗೆ ನಿಂತೇ ಬಡಿಯಬೇಕು. ಸುಣ್ಣ ಅನ್ನೋದು ಬಾಣಂತಿ ಇದ್ದ ಹಾಗೆ ಕಣೋ, ಅವಸರ ಮಾಡಬಾರದು, ಚಳಿಗೆ ಒಡ್ಡಬಾರದು ಎಂದು ಹೇಳಿಕೊಟ್ಟಿದ್ದವನು ಲೊಸ್ಸಿಯೊ. ತಾಸ್ಕಸ್ ಹದಿನೆಂಟರ ಪ್ರಾಯದಲ್ಲಿ ಈ ಕಾಡಿಗೆ ಬಂದು ಬಿದ್ದಾಗ, ಕೋಟೆ ಇನ್ನೂ ಮಣ್ಣು ಮರದ್ದೇ ಇದ್ದಾಗ, ಗಾರೆಯನ್ನು ಕೈಯಲ್ಲಿ ಹಿಸುಕಿ ನೋಡುವುದನ್ನು ಕಲಿಸಿದವನೂ ಅವನೇ.

ಆ ಲೊಸ್ಸಿಯೊ ಈಗ ಅಂಗಳ ದಾಟಿ ಬರುತ್ತಿದ್ದ. ಅರವತ್ತರ ಹತ್ತಿರದ ಮುದುಕ, ಸುಣ್ಣದ ಖಾರಕ್ಕೆ ಸವೆದು ಬೆರಳ ತುದಿಗಳು ನುಣ್ಣಗಾಗಿದ್ದವು. ಕಂಕುಳಲ್ಲಿ ಬಟ್ಟೆ ಸುತ್ತಿದ ಬಾರ್ಲಿ ರೊಟ್ಟಿ ಇತ್ತು. ದಿನವೂ ತರುತ್ತಿದ್ದ, ದಿನವೂ ಅರ್ಧ ಮುರಿದು ತಾಸ್ಕಸ್‌ನಿಗೆ ಕೊಡುತ್ತಿದ್ದ. ಇಂದೂ ಮುರಿದುಕೊಟ್ಟು, “ತಗೋ ಮಗಾ, ಇವತ್ತು ನಿಂಗೆ ಉಣ್ಣಕ್ಕೂ ಪುರುಸೊತ್ತು ಸಿಗಾಕಿಲ್ಲ” ಅಂದ. ರೊಟ್ಟಿ ಅವನ ಮೈಯ ಶಾಖಕ್ಕೆ ಬೆಚ್ಚಗಿತ್ತು. ತಾಸ್ಕಸ್ ಒಂದು ತುಂಡು ಬಾಯಿಗೆ ಹಾಕಿಕೊಂಡ, ಅಗಿಯಲು ಆಗಲಿಲ್ಲ. ಮಗಾ ಎಂಬ ಈ ಮಾತು ಎರಡು ಚಳಿಗಾಲಗಳಿಂದ ನಡೆದುಬಂದಿತ್ತು. ಅದಕ್ಕೆ ಮೊದಲು ಮುದುಕನಿಗೆ ಹಾಗೆ ಕರೆಯಲು ಸ್ವಂತದವನೇ ಇದ್ದ.

ಮುದುಕನ ಮಗ ಸೆನ್ನೊ ಸತ್ತಾಗ ಅವನಿಗೆ ಇಪ್ಪತ್ತೆರಡು. ಉತ್ತರದ ಬಾಗಿಲು ಕಟ್ಟುತ್ತಿದ್ದಾಗ, ಎಲೆ ಉದುರುವ ಕಾಲದಲ್ಲಿ. ಅಂದು ಬೆಳಿಗ್ಗೆ ಸತ್ರಿಯಸ್ ತಾಸ್ಕಸ್‌ನ ಕೆಲಸವನ್ನು ನೋಡಿ, ನನ್ನ ಅಜ್ಜಿ ನೂಲುವುದು ಇದಕ್ಕಿಂತ ಚುರುಕು ಅಂದಿದ್ದ. ಪಕ್ಕದಲ್ಲಿದ್ದ ಸವಾರರು ನಕ್ಕಿದ್ದರು. ಸವಾರರ ಕುದುರೆಯೊಂದು ಕೂಡ ಆಗಲೇ ಮೂಗು ಸೀನಿದ್ದು ತಾಸ್ಕಸ್‌ನಿಗೆ ನೆನಪಿದೆ, ಅದೂ ನಕ್ಕ ಹಾಗೆ. ಮಧ್ಯಾಹ್ನ ಎಲ್ಲರೂ ಗಂಜಿಗೆ ಹೋದ ಮೇಲೆ ಅವನು ಸೆನ್ನೊನನ್ನು ನಿಲ್ಲಿಸಿಕೊಂಡ. ಎಲ್ಲರೂ ಉಂಡು ವಾಪಸಾಗುವಾಗ ಮರ ಇಳಿದಿರಬೇಕು, ಬಾಗಿಲು ಬಯಲಾಗಿ ನಿಂತಿರಬೇಕು, ಸತ್ರಿಯಸ್‌ನ ಮುಖ ಹೇಗಾಗುತ್ತದೆ ನೋಡಬೇಕು. ಇಷ್ಟೇ ಇದ್ದದ್ದು ಅವನ ತಲೆಯಲ್ಲಿ. ಸೆನ್ನೊ ಬಲಗಡೆ ನಿಂತ, ತಾನು ಎಡಗಡೆ. ತಾನು ಎತ್ತಿದ ಮರದ ಕೊಡತಿಯ ತೂಕ, ಬೆಣೆಯ ತಲೆಗೆ ಅದು ಬಿದ್ದ ಸದ್ದು, ಎರಡನೆಯ ಸದ್ದು, ಮೂರನೆಯದಕ್ಕೆ ಬೆಣೆ ಎಣ್ಣೆ ಹಚ್ಚಿದ ಹಾಗೆ ಜಾರಿದ್ದು. ಆಮೇಲೆ ಮೇಲಿನಿಂದ ಒಂದು ಮುಷ್ಟಿಯಷ್ಟು ಮರಳು ಸುರಿಯಿತು, ಬರೀ ಮರಳು, ಯಾರೋ ಜರಡಿ ಹಿಡಿದ ಹಾಗೆ. ಆ ಮರಳು ಸುರಿದ ಗಳಿಗೆಯಲ್ಲಿ ಅವನ ಕಾಲುಗಳು ಓಡಿದವು. ಕೂಗಬೇಕೆಂದು ಬಾಯಿಗೆ ಹೊಳೆಯುವ ಮೊದಲೇ ಕಾಲುಗಳಿಗೆ ಹೊಳೆದಿತ್ತು.

ಜನ ಓಡಿಬಂದಾಗ ಅವನು ಕುಸಿದ ಕಮಾನಿನ ಕಲ್ಲುಗಳನ್ನು ಎತ್ತಿ ಎತ್ತಿ ಎಸೆಯುತ್ತಿದ್ದ. ನಾಲ್ಕು ಉಗುರು ಕಿತ್ತುಹೋಗಿದ್ದವು. ಸೆನ್ನೊನ ಕೈಯಲ್ಲಿ ಅವನ ಪಾಲಿನ ಕೊಡತಿ ಹಾಗೇ ಇತ್ತು. ಸತ್ರಿಯಸ್ ಬಗ್ಗಿ ನೋಡಿ, ಅಪ್ಪಣೆಯಿಲ್ಲದೆ ಇವನೇ ಬಡಿದನೋ ಎಂದು ಕೇಳಿದ. ತಾಸ್ಕಸ್ ಕೆಮ್ಮಿದ. ಧೂಳಿಗೆ ನಿಜವಾಗಿಯೂ ಕೆಮ್ಮು ಬಂದಿತ್ತು. ಆದರೆ ಕೆಮ್ಮುವಾಗ ತಲೆ ಕೆಳಗೆ ಹೋಗಿ ಮೇಲೆ ಬಂತು, ಅದನ್ನು ನೋಡಿದವರು ಹೌದು ಅಂದ ಎಂದುಕೊಂಡರು, ಅದು ಅವನಿಗೂ ಗೊತ್ತಾಯಿತು, ಅವನು ತಿದ್ದಲಿಲ್ಲ. ಅಷ್ಟೇ ನಡೆದದ್ದು. ಸುಳ್ಳು ಎಂಬುದು ಬಾಯಿಂದ ಹೊರಟ ಮಾತಾಗಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತೇನೋ. ಒಂದು ಕೆಮ್ಮನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಅಪ್ಪಣೆ ಮೀರಿ ಸತ್ತವನೆಂದು ಸೆನ್ನೊನಿಗೆ ಸೈನಿಕರ ಮರ್ಯಾದೆ ಸಿಗಲಿಲ್ಲ. ಚಿತೆಯ ಹತ್ತಿರ ಕಹಳೆ ಊದಲಿಲ್ಲ. ಮೂರನೆಯ ದಿನ ಲೊಸ್ಸಿಯೊ ತಾನಾಗಿಯೇ ಸತ್ರಿಯಸ್‌ನ ಹತ್ತಿರ ಹೋಗಿ, ಎಲ್ಲರೆದುರು ತನ್ನ ಮಗನ ತಪ್ಪಿಗೆ ಕ್ಷಮೆ ಕೇಳಲು ಅನುಮತಿ ಬೇಡಿದ. ಬೆಳಗಿನ ಸಾಲಿನಲ್ಲಿ ಎಲ್ಲರೂ ನಿಂತಿದ್ದರು. ಮುದುಕ ಶಿರಸ್ತ್ರಾಣ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತನಗೆ ಸರಿಯಾಗಿ ಬಾರದ ಸೈನ್ಯದ ಭಾಷೆಯಲ್ಲಿ, ನಾನು ಅವನಿಗೆ ಸರಿಯಾಗಿ ಕಲಿಸಲಿಲ್ಲ, ಎಲ್ಲರ ಜೀವಕ್ಕೆ ಕುತ್ತು ತರುತ್ತಿದ್ದ, ಮನ್ನಿಸಿ ಅಂದ. ಒಂದು ಮಾತಿನ ಪ್ರತ್ಯಯ ತಪ್ಪಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಾಸ್ಕಸ್ ಎರಡನೆಯ ಸಾಲಿನಲ್ಲಿದ್ದ. ಕೈಗೆ ಬಟ್ಟೆ ಸುತ್ತಿತ್ತು. ಸಾಲು ಒಡೆದ ಮೇಲೆ ಲೊಸ್ಸಿಯೊ ನೇರ ಅವನ ಬಳಿಗೆ ಬಂದು ಆ ಬಟ್ಟೆ ಸುತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೊತ್ತಿಕೊಂಡಿದ್ದ. ನನ್ನ ಮಗನ್ನ ಈ ಕೈ ಹೊರಗೆ ತೆಗೀತು ಅಂದಿದ್ದ. ಅಂದಿನಿಂದ ರೊಟ್ಟಿ ಶುರುವಾಯಿತು.

ಕಹಳೆ ಊದಿತು. ಅಂಗಳ ತುಂಬತೊಡಗಿತು. ಸುಣ್ಣ ಹೊರುವ ಮಕ್ಕುಸ್ ಬಂದು ಕಮಾನನ್ನು ನೋಡಿ, “ಏನ್ ತಾಸ್ಕಸ್ಸಣ್ಣ, ಮುಖ ಸುಣ್ಣ ಬಳಿದಂಗಿದೆ. ಇವತ್ತು ದೇಶಾಧಿಪತಿ ಮದುವೆಗೆ ನೀನೇ ಹೆಣ್ಣಾ?” ಅಂದ. ಉಳಿದವರು ನಕ್ಕರು. ತಾಸ್ಕಸ್ ಕೂಡ ನಗಲು ನೋಡಿದ. ಬಾಯಲ್ಲಿದ್ದ ರೊಟ್ಟಿ ಅಡ್ಡ ಬಂತು. ಅವನು ಗೋಡೆಯ ಮರೆಗೆ ಹೋಗಿ ಅದನ್ನು ಉಗಿದ. ಉಗಿದು ತಿರುಗಿದರೆ ಲೊಸ್ಸಿಯೊ ನಿಂತಿದ್ದ. ನೋಡಿದನೋ ಇಲ್ಲವೋ ತಿಳಿಯಲಿಲ್ಲ.

ಸತ್ರಿಯಸ್ ಬಂದಾಗ ಕೆಂಪು ನಿಲುವಂಗಿ ತೊಟ್ಟು ಹಬ್ಬಕ್ಕೆ ಹೊರಟವನಂತಿದ್ದ. ಗಡ್ಡ ಹೆರೆಸಿಕೊಂಡ ಕೆನ್ನೆಯ ಮೇಲೆ ಒಂದು ಗಾಯ, ರಕ್ತ ನಿಲ್ಲಲು ಅದಕ್ಕೆ ಅಂಟಿಸಿದ ಜೇಡರಬಲೆ. ಮುಂದಿನ ಕಾವಲು ಗೋಪುರದಿಂದ ಹೊಗೆ ಎದ್ದಿದೆ, ಸವಾರಿ ಹೊರಟಾಯಿತು, ಹೊತ್ತು ಎರಡಾಳು ಏರುವುದರೊಳಗೆ ಬಾಗಿಲು ಬಯಲಾಗಿರಬೇಕು ಅಂದ. ಬೆಣೆಗಳಿಗೆ ಯಾರು ಕೈಹಾಕುತ್ತಾರೆ ಎಂದು ಕೇಳಿದ. ತಾಸ್ಕಸ್ ಮುಂದೆ ಹೆಜ್ಜೆ ಇಡಬೇಕೆಂದುಕೊಂಡ, ನಿಜವಾಗಿಯೂ ಅಂದುಕೊಂಡ. ಬಿದ್ದರೆ ತನ್ನ ಮೇಲೆ ಬೀಳಲಿ, ಲೆಕ್ಕ ಚುಕ್ತಾ. ಆ ಯೋಚನೆಯಲ್ಲಿ ಏನೋ ಸುಖವಿತ್ತು, ಮತ್ತು ಅದೇ ಸುಖ ಅವನನ್ನು ಎರಡು ಉಸಿರಿನಷ್ಟು ಹೊತ್ತು ತಡೆದು ನಿಲ್ಲಿಸಿತು. ಅಷ್ಟರಲ್ಲಿ ಲೊಸ್ಸಿಯೊ ಮುಂದೆ ಬಂದಿದ್ದ.

“ನಾನು ಬಡೀತೀನಿ, ಒಡೆಯಾ” ಅಂದ ಮುದುಕ. “ನಮ್ಮನೇಲಿ ಒಬ್ಬ ಅಪ್ಪಣೆ ಇಲ್ದೆ ಬಡಿದ. ನಾನು ಅಪ್ಪಣೆ ತಗೊಂಡು ಬಡೀತೀನಿ. ಎಲ್ಲಾರೂ ನೋಡ್ಲಿ.”

ಈ ಮಾತನ್ನು ಅವನು ತಿಂಗಳುಗಟ್ಟಲೆ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದನೆಂದು ತಾಸ್ಕಸ್‌ನಿಗೆ ಆಗ ಹೊಳೆಯಿತು. ಸೈನ್ಯದ ಭಾಷೆಯ ಒಂದು ಪ್ರತ್ಯಯವೂ ಈ ಸಲ ತಪ್ಪಿರಲಿಲ್ಲ. ಸತ್ರಿಯಸ್ ಹುಬ್ಬೇರಿಸಿ, ಆಗಲಿ, ಒಳ್ಳೆಯದೇ ಆಯಿತು, ಆ ಹಳೆಯ ಅಪಶಕುನವೂ ಕಳೆಯುತ್ತದೆ ಅಂದ. ಯಾರೋ ಕೊಡತಿ ತಂದುಕೊಟ್ಟರು. ಲೊಸ್ಸಿಯೊ ಅದರ ಹಿಡಿಗೆ ಉಗುಳು ಹಚ್ಚಿ ತಿಕ್ಕಿದ. ಸೊಂಟದ ಪಟ್ಟಿ ಬಿಗಿದುಕೊಂಡ. ಅವನ ನಡಿಗೆಯಲ್ಲಿ ಮದುವೆ ಮನೆಯ ಹಿರಿಯನಿಗಿರುವಂಥ ಗತ್ತು ಬಂದಿತ್ತು.

ತಾಸ್ಕಸ್ ಮಾತಾಡಿದ. ಮೊದಲು ಆಡಿದ್ದು ಹೇಡಿಯ ಮಾತು. ಮಳೆಗೆ ಬೆಣೆಗಳು ಉಬ್ಬಿವೆ, ಎಣ್ಣೆ ಹಾಕಿ ಒಂದು ದಿನ ಬಿಡಬೇಕು ಅಂದ. ಸತ್ರಿಯಸ್ ಬಗ್ಗಿ ಬೆಣೆಯೊಂದನ್ನು ಕೋಲಿನಿಂದ ತಟ್ಟಿದ, ಅದು ಅಲ್ಲಾಡಿತು. ಉಬ್ಬಿರುವುದು ಬೆಣೆಯಲ್ಲ, ಬೇರೇನೋ ಅಂದ. ಆಮೇಲೆ ತಾಸ್ಕಸ್, ನಾನು ಮುಖ್ಯ ಕಲ್ಲುಕುಟಿಗ, ನನ್ನ ಕೆಲಸ, ನಾನೇ ಬಡಿಯುತ್ತೇನೆ ಎಂದು ಕೊಡತಿಗೆ ಕೈ ಚಾಚಿದ. ಲೊಸ್ಸಿಯೊ ಕೊಡತಿಯನ್ನು ಬೆನ್ನ ಹಿಂದಕ್ಕೆ ಒಯ್ದು ತಮ್ಮ ಭಾಷೆಯಲ್ಲಿ, ಮೆಲ್ಲಗೆ, ಮಿಕ್ಕವರಿಗೆ ಕೇಳದ ಹಾಗೆ, “ನನ್ನ ಕೈ ಮೇಲೆ ನಂಬಿಕೆ ಇಲ್ವಾ ನಿಂಗೆ? ಮಗನ ಹಂಗೆ ಅಪ್ಪಾನೂ ಅಂತಾನಾ?” ಅಂದ. ಮುದುಕನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ನೀನೂ ಒಳಗೊಳಗೆ ಹಾಗೇ ಅಂದುಕೊಂಡಿದ್ದೆಯಾ ಎಂಬ ಅವಮಾನವಿತ್ತು. ಅದನ್ನು ನೋಡಲಾರದೆ ತಾಸ್ಕಸ್ ಪಕ್ಕಕ್ಕೆ ಸರಿದ.

ಸರಿದು ನಿಂತ ಮೇಲೆ ಎಲ್ಲವೂ ಬಹಳ ಸ್ಪಷ್ಟವಾಗಿ, ಬಹಳ ನಿಧಾನವಾಗಿ ಕಾಣತೊಡಗಿತು. ಬೀಗದ ಕಲ್ಲಿನ ಮೇಲೆ ಒಂದು ಗುಬ್ಬಚ್ಚಿ ಕೂತಿತ್ತು. ಗುಬ್ಬಚ್ಚಿಯ ಭಾರವೂ ಜಾಸ್ತಿಯಾಯಿತು ಅನ್ನಿಸಿತು ಅವನಿಗೆ. ಲೊಸ್ಸಿಯೊ ಎಡಗಡೆಯ ಕಂಬದ ಬುಡಕ್ಕೆ ಹೋಗಿ ಕಾಲು ಅಗಲಿಸಿ ನಿಂತ. ಮಂಡಿಯೊಂದನ್ನು ಮಡಿಸುವಾಗ ಲಟಕ್ಕೆಂದದ್ದು ಇಷ್ಟು ದೂರಕ್ಕೂ ಕೇಳಿಸಿತು. ಈ ಮುದುಕನ ಕಾಲುಗಳು ಓಡಲಾರವು. ಮರಳು ಸುರಿದರೂ ಓಡಲಾರವು. ಒಂದು ವೇಳೆ ಬೀಳದಿದ್ದರೆ? ಕಮಾನುಗಳು ಎಷ್ಟೋ ಸಲ ನಿಲ್ಲುತ್ತವೆ. ಹಸಿ ಗಾರೆಯಲ್ಲೂ ನಿಂತದ್ದುಂಟು. ನಿಂತರೆ ಯಾರಿಗೂ ಏನೂ ತಿಳಿಯುವುದಿಲ್ಲ, ಮುದುಕನ ಮಾನ ಅವನಿಗೆ ವಾಪಸು ಸಿಗುತ್ತದೆ, ನಾಳೆಯೂ ರೊಟ್ಟಿ ಬರುತ್ತದೆ. ಆ ನಾಳೆಯ ರೊಟ್ಟಿಯನ್ನೂ ಅವನು ಗೋಡೆಯ ಮರೆಗೆ ಹೋಗಿ ಉಗಿಯಬೇಕು. ಲೊಸ್ಸಿಯೊ ಕೊಡತಿಯನ್ನು ಹೆಗಲ ಮೇಲಕ್ಕೆ ಎತ್ತಿದ್ದ. ತಾಸ್ಕಸ್‌ನ ಕಾಲುಗಳು ಈ ಸಲವೂ ಅವನನ್ನು ಕೇಳದೆ ಓಡಿದವು, ಆದರೆ ಕಮಾನಿನ ಕೆಳಕ್ಕೆ. ಅವನು ಮುದುಕನ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದ.

“ಬೇಡ ಮಾವ. ಸೆನ್ನೊ ಬಡೀಲಿಲ್ಲ. ಅವತ್ತು ಬಡಿದೋನು ನಾನು.”

ತಮ್ಮ ಭಾಷೆಯಲ್ಲಿ ಹೇಳಿದ್ದ. ಅಂಗಳದಲ್ಲಿ ಆ ಭಾಷೆ ಬಲ್ಲವರು ಐವತ್ತು ಜನ ಇದ್ದರು, ಐವತ್ತೂ ಜನ ಇತ್ತ ತಿರುಗಿದರು. ಹೆಗಲ ಮೇಲಿನ ಸುಣ್ಣದ ಬುಟ್ಟಿಯನ್ನು ಇಳಿಸುತ್ತಿದ್ದ ಮಕ್ಕುಸ್ ಅರ್ಧಕ್ಕೇ ನಿಂತ. ಸತ್ರಿಯಸ್ ಒಬ್ಬನಿಗೇ ಅರ್ಥವಾಗಿರಲಿಲ್ಲ. ಅವನು ಆ ಮುಖ ಈ ಮುಖ ನೋಡಿ, ಏನಂದ, ಏನಂದ ಇವನು ಎಂದು ಕೇಳಿದ. ಕೊನೆಗೆ ತಾಸ್ಕಸ್ ತಾನೇ ಸೈನ್ಯದ ಭಾಷೆಯಲ್ಲಿ ಅದನ್ನು ಇನ್ನೊಮ್ಮೆ ಹೇಳಬೇಕಾಯಿತು. ಮೊದಲ ಸಲ ತಾನಾಗಿ ಹೊರಬಿದ್ದ ಮಾತು. ಎರಡನೆಯ ಸಲ ಒಂದೊಂದೇ ಪದ ಹುಡುಕಿ, ಕ್ರಿಯಾಪದವನ್ನು ಸರಿಯಾದ ಕಾಲಕ್ಕೆ ತಿರುಗಿಸಿ, ಪಾಠ ಒಪ್ಪಿಸುವವನಂತೆ ಹೇಳಿದ. ಉತ್ತರದ ಬಾಗಿಲಲ್ಲಿ ಬೆಣೆ ಬಡಿದವನು ನಾನು. ಸೆನ್ನೊ ಅಲ್ಲ. ಗಾರೆ ಆಗಲೂ ಹಸಿಯಾಗಿತ್ತು, ಈಗಲೂ ಹಸಿಯಾಗಿದೆ. ನಿನ್ನೆ ನಿಮಗೆ ಆಗುತ್ತದೆ ಅಂದದ್ದು ಸುಳ್ಳು.

ಆಕಾಶ ಬೀಳುತ್ತದೆಂದು ಕಾದು ನಿಂತ. ಸತ್ರಿಯಸ್ ಸತ್ತವನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಯಾವ ಸೆನ್ನೊ ಎಂಬುದು ಕೂಡ ಅವನಿಗೆ ನೆನಪಿದ್ದಂತೆ ಕಾಣಲಿಲ್ಲ.

“ಅದೆಲ್ಲ ಆಮೇಲೆ ನೋಡೋಣ” ಅಂದ. “ಇದು ದೇಶಾಧಿಪತಿ ತಲೆ ಮೇಲೆ ಬೀಳುತ್ತೋ ಇಲ್ವೋ, ಅಷ್ಟು ಹೇಳು.”

“ಮರ ತೆಗೆದ್ರೆ ಬೀಳಬಹುದು, ಒಡೆಯಾ.”

“ಬಹುದು.” ಸತ್ರಿಯಸ್ ಆ ಪದವನ್ನು ಹಲ್ಲಿನ ನಡುವೆ ಇಟ್ಟು ನೋಡಿದ. ದೂರದಲ್ಲಿ, ಕಾಡಿನ ದಾರಿಯಲ್ಲಿ ಸವಾರಿಯ ಮುಂಗಾವಲಿನ ಕುದುರೆಗಳ ಸದ್ದು ಆಗಲೇ ಕೇಳತೊಡಗಿತ್ತು. ಅವನು ಕಮಾನನ್ನೊಮ್ಮೆ, ತಾಸ್ಕಸ್‌ನನ್ನೊಮ್ಮೆ ನೋಡಿ, ಚಟಪಟ ಅಪ್ಪಣೆ ಕೊಟ್ಟ. ಹತ್ತು ಜನ ಕಾಡಿನಂಚಿಗೆ ಓಡಲಿ, ಸೂಜಿಯೆಲೆಯ ಫರ್ ಮರದ ಹಸಿರು ಕೊಂಬೆ ಕಡಿದು ತರಲಿ, ಆಸರೆಯ ಮರ ಒಂದಿಷ್ಟೂ ಕಾಣದ ಹಾಗೆ ತೋರಣ ಕಟ್ಟಲಿ, ಮೇಲೆ ಬಾವುಟದ ಬಟ್ಟೆ ಇಳಿಬಿಡಲಿ. ಆಮೇಲೆ ತಾಸ್ಕಸ್‌ನ ಕಡೆ ತಿರುಗಿ, ಮಂಡಿಯೂರು ಅಂದ.

ಇಪ್ಪತ್ತು ಏಟು. ಸತ್ರಿಯಸ್ ತನ್ನ ಕೋಲಿನಿಂದ ತಾನೇ ಹೊಡೆದ. ನಿಲುವಂಗಿ ಕೊಳೆಯಾಗದಂತೆ ಎಡಗೈಯಲ್ಲಿ ಅದನ್ನು ಮಡಚಿ ಹಿಡಿದಿದ್ದ. ಏಟು ಎಣಿಸುತ್ತಿದ್ದ ಸ್ವರದಲ್ಲಿ ಕೋಪವಿರಲಿಲ್ಲ, ಅವಸರವಿತ್ತು. ಹೊಡೆತ ಯಾವುದಕ್ಕೆ ಎಂದು ಕೇಳಿಕೊಂಡರೆ, ನಿನ್ನೆಯ ಸುಳ್ಳಿಗೆ. ಬಾಗಿಲು ಹೊತ್ತಿಗೆ ಮುಗಿಯದೆ ಇದ್ದುದಕ್ಕೆ. ಸೆನ್ನೊನಿಗಾಗಿ ಒಂದೂ ಇರಲಿಲ್ಲ. ಇದು ತಿಳಿದಾಗ ತಾಸ್ಕಸ್‌ನಿಗೆ, ಇನ್ನೂ ಹೊಡೆಯಿರಿ ಎಂದು ಕೇಳಬೇಕೆನಿಸಿತು. ಕೇಳುವುದರಲ್ಲೂ ಏನೋ ಮೆರೆದಾಟವಿದೆ ಅನ್ನಿಸಿ ಸುಮ್ಮನಾದ. ಏಟುಗಳ ನಡುವೆ ಒಮ್ಮೆ ತಲೆಯೆತ್ತಿದ. ಎಲ್ಲರೂ ಕೊಂಬೆ ಕಟ್ಟುತ್ತಿದ್ದರು. ಲೊಸ್ಸಿಯೊ ಮಾತ್ರ ಎಡಗಡೆಯ ಕಂಬದ ಬುಡದಲ್ಲಿ, ಕೊಡತಿಯನ್ನು ಮಡಿಲಲ್ಲಿ ಇಟ್ಟುಕೊಂಡು, ನೆಲದ ಮೇಲೆ ಕೂತಿದ್ದ. ಅವನು ತಾಸ್ಕಸ್‌ನನ್ನು ನೋಡುತ್ತಿರಲಿಲ್ಲ. ಯಾರನ್ನೂ ನೋಡುತ್ತಿರಲಿಲ್ಲ. ಯಾರೋ ಅವನ ತೋಳು ಹಿಡಿದು ಎಬ್ಬಿಸಿ ಕರೆದೊಯ್ದರು.

ದೇಶಾಧಿಪತಿ ಬಂದ, ನೆಗಡಿಯಾಗಿದ್ದ ದಪ್ಪ ಮನುಷ್ಯ. ತೋರಣದ ಕೆಳಗೆ ಕುದುರೆ ನಿಲ್ಲಿಸಿ, ಫರ್ ಕೊಂಬೆಗಳ ವಾಸನೆ ಎಳೆದುಕೊಂಡು, ಗಡಿಯಲ್ಲಿ ಇಷ್ಟು ಅಂದವಾದ ಸ್ವಾಗತ ಎಲ್ಲೂ ಸಿಗಲಿಲ್ಲ ಅಂದನಂತೆ. ಒಂದು ಜಾವ ಇದ್ದು, ಬಿಸಿ ವೈನ್ ಕುಡಿದು, ಮುಂದಿನ ಕೋಟೆಗೆ ಹೋದ. ತಾಸ್ಕಸ್‌ನನ್ನು ಅದೇ ದಿನ ಸುಣ್ಣ ಸುಡುವ ಗೂಡಿನ ಕೆಲಸಕ್ಕೆ ಹಾಕಿದರು. ಉಳಿ ಹಿಡಿಯುವ ಹಕ್ಕು ಹೋಯಿತು. ಇಪ್ಪತ್ತಮೂರು ದಿನಗಳಾದ ಮೇಲೆ ಮಕ್ಕುಸ್ ಮತ್ತಿನ್ನೊಬ್ಬರು ಬೆಣೆ ಬಡಿದು ಮರ ಇಳಿಸಿದಾಗ ಆ ಕಮಾನು ಒಂದು ಬೆರಳಿನಷ್ಟು ಕುಸಿದು, ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿ, ಗಟ್ಟಿಯಾಗಿ ನಿಂತಿತು. ಅಂದು ಬಡಿದಿದ್ದರೂ ನಿಲ್ಲುತ್ತಿತ್ತೋ ಏನೋ ಎಂದು ಗೂಡಿನ ಹತ್ತಿರ ಬಂದವರು ಅವನಿಗೆ ಕೇಳುವ ಹಾಗೆ ಮಾತಾಡಿಕೊಂಡರು. ಇರಬಹುದು. ಅವನಿಗೂ ಗೊತ್ತಿರಲಿಲ್ಲ.

ಆದರೆ ಅದು ಆಮೇಲಿನ ಮಾತು. ಆ ದಿನ ಇಳಿಹೊತ್ತಿನಲ್ಲಿ, ಸವಾರಿಯ ಧೂಳು ಅಡಗಿದ ಮೇಲೆ, ಅವನು ಕೋಟೆಯ ಕೆಳಗಿನ ತೊರೆಯಲ್ಲಿ ಬೆನ್ನು ತೊಳೆಯುತ್ತಿದ್ದ. ಕೈ ಹಿಂದಕ್ಕೆ ಪೂರಾ ಎಟುಕುತ್ತಿರಲಿಲ್ಲ. ಬಟ್ಟೆ ಅದ್ದಿ ಹೆಗಲ ಮೇಲಿಂದ ಹಿಂಡಿಕೊಳ್ಳುತ್ತಿದ್ದಾಗ ಹಿಂದೆ ಕಲ್ಲು ಉರುಳಿದ ಸದ್ದಾಯಿತು. ಲೊಸ್ಸಿಯೊ. ಬರಿಗೈಯಲ್ಲಿದ್ದ. ತಾಸ್ಕಸ್ ಎದ್ದು ನಿಲ್ಲಲು ಹೋದ. ಕೂತಿರು ಎಂಬಂತೆ ಮುದುಕ ಕೈ ಮಾಡಿ, ತಾನು ನಾಲ್ಕು ಮೊಳ ದೂರದ ಬಂಡೆಯ ಮೇಲೆ ಕೂತ. ಬಹಳ ಹೊತ್ತು ನೀರು ನೋಡಿದ. ಬಯ್ಯಲಿ ಎಂದು ತಾಸ್ಕಸ್ ಕಾದ. ಹತ್ತಿರ ಕಲ್ಲುಗಳಿದ್ದವು, ಒಂದನ್ನು ಎತ್ತಿಕೊಳ್ಳಲಿ ಎಂದೂ ಕಾದ.

“ಯಾವ ಕಡೆ ನಿಂತಿದ್ದ?” ಅಂದ ಲೊಸ್ಸಿಯೊ.

“ಬಲಗಡೆ. ಕಾಡಿನ ಕಡೆ.”

“ಮುಖ?”

“ನನ್ನ ಕಡೆ. ನಾನು ಬಡಿದಾದ್ ಮೇಲೆ ಅವನು ಬಡೀಬೇಕಿತ್ತು. ಕೊಡತಿ ಹಿಡ್ಕೊಂಡು ನಿಂತಿದ್ದ ಅಷ್ಟೇ ಮಾವ. ಎತ್ತೂ ಇರ್ಲಿಲ್ಲ.”

ಮುದುಕ ತಲೆಯಾಡಿಸಿದ, ಕಲ್ಲೊಂದರ ಅಳತೆ ಕೇಳಿ ತಿಳಿದುಕೊಂಡವನ ಹಾಗೆ.

“ಏನಾದ್ರೂ ಅಂದ್ನಾ?”

ಇಲ್ಲ ಎಂದುಬಿಡಬಹುದಿತ್ತು. ಅದು ದಯೆಯಾಗುತ್ತಿತ್ತು. ಆ ದಯೆ ಎಷ್ಟು ಸಲೀಸಾಗಿ ನಾಲಿಗೆಯ ತುದಿಗೆ ಬಂದು ಕೂತಿತೆಂದರೆ, ತಾಸ್ಕಸ್‌ನಿಗೆ ಅದರ ಮುಖದ ಗುರುತು ಸಿಕ್ಕಿತು; ಒಂದೂವರೆ ವರ್ಷ ತನ್ನೊಳಗೆ ಉಂಡು ಬೆಳೆದ ಸುಳ್ಳೇ ಇದು. ಅವನು ಒದ್ದೆ ಬಟ್ಟೆಯನ್ನು ಹಿಂಡಿದ. ಕೆಂಪು ನೀರು ಇಳಿದು ಹೋಯಿತು.

“ಅಂದ. ‘ಗಾರೆ ಇನ್ನೂ ಹಸಿ ಇದ್ದಂಗಿದೆ ಕಣಣ್ಣ, ಅಪ್ಪನ್ನ ಒಂದ್ಸಲ ಕೇಳ್ಕೊಂಡು ಬರ್ಲಾ’ ಅಂದ.”

“ನೀನೇನಂದೆ?”

“‘ಎಲ್ಲಾದಕ್ಕೂ ಅಪ್ಪ ಬೇಕಾ ನಿಂಗೆ’ ಅಂದೆ.”

“ಆಮೇಲೆ?”

“ನಕ್ಕ. ನಕ್ಕು ಸುಮ್ನಾದ.”

ತೊರೆಯಾಚೆ ಒಂದು ಕಾಗೆ ಮರದಿಂದ ಮರಕ್ಕೆ ಹಾರಿತು. ಲೊಸ್ಸಿಯೊನ ಎರಡೂ ಕೈ ಮಂಡಿಗಳ ಮೇಲಿದ್ದವು. ಆ ಕೈಗಳು ಏನಾದರೂ ಮಾಡಲಿ ಎಂದು ತಾಸ್ಕಸ್ ನೋಡುತ್ತಿದ್ದ; ಅವು ಮಂಡಿಗಳ ಮೇಲೆಯೇ ಇದ್ದವು.

“ಇನ್ನೊಂದ್ಸಲ ಹೇಳು” ಅಂದ ಮುದುಕ.

ತಾಸ್ಕಸ್ ಹೇಳಿದ. ಗಾರೆ ಇನ್ನೂ ಹಸಿ ಇದ್ದಂಗಿದೆ ಕಣಣ್ಣ, ಅಪ್ಪನ್ನ ಒಂದ್ಸಲ ಕೇಳ್ಕೊಂಡು ಬರ್ಲಾ.

“ಹಂಗಲ್ಲ. ಅವನು ಹೆಂಗಂದ್ನೋ ಹಂಗೆ.”

ತಾಸ್ಕಸ್ ಕಣ್ಣು ಮುಚ್ಚಿದ. ಸೆನ್ನೊ ಮೂಗಿನಲ್ಲಿ ಸ್ವಲ್ಪ ಮಾತಾಡುತ್ತಿದ್ದ. ಪದಗಳ ನಡುವನ್ನು ಎಳೆಯುತ್ತಿದ್ದ. ಅಪ್ಪ ಎನ್ನುವಾಗ ಬೇರೆಯವರ ಹಾಗೆ ಒತ್ತದೆ, ಮಗ್ಗುಲ ಕೋಣೆಯಲ್ಲಿರುವವರನ್ನು ಕರೆಯುವಂತೆ ತುಸು ಎತ್ತರದಲ್ಲಿ ಹೇಳುತ್ತಿದ್ದ. ಆ ಸ್ವರವನ್ನು ಅವನು ಇಷ್ಟು ದಿನ ಗೋಡೆಯ ಹೊಟ್ಟೆಯೊಳಗೆ ಕಲ್ಲುಚೂರು ತುಂಬುವ ಹಾಗೆ ತನ್ನೊಳಗೆ ಒತ್ತಿ ಒತ್ತಿ ಇಟ್ಟಿದ್ದ. ಈಗ ಬಾಯಿ ತೆರೆದಾಗ ಅದು ತಾನಾಗಿ ಬಂತು, ಎಳೆದ ಸ್ವರ, ಮೂಗಿನ ನಾದ, ಸತ್ತವನ ನಗುವಿನ ಅಂಚಿನೊಂದಿಗೆ: ಗಾರೆ ಇನ್ನೂ ಹಸಿ ಇದ್ದಂಗಿದೆ ಕಣಣ್ಣ, ಅಪ್ಪನ್ನ...

“ಹೂಂ” ಎಂದು ಓಗೊಟ್ಟ ಲೊಸ್ಸಿಯೊ.